ನಾನು ಉಳಿಸಿಕೊಟ್ಟ ಹಳೆ ಸ್ಟೇಷನ್ನು

ಇತಿಹಾಸ ಉಳಿಸಲು ಒಂದು ಒಳ್ಳೆಯ ಇಂಗ್ಲಿಷ್ ಅರ್ಜಿ, ಹನ್ನೆರಡು ಸಹಿ, ಒಂದು ಫೋಟೋ ಇದ್ದರೆ ಸಾಕೆಂದು ನಾನು ನಂಬಿದ್ದೆ. ಮೂರೂ ನನ್ನಿಂದ ಆಗುವಂಥವೇ.

ರಾಯಚೂರಿನ ಹೊರಗೆ, ಹತ್ತಿ ಮಿಲ್ಲುಗಳ ಸಾಲು ಮುಗಿಯುವಲ್ಲಿ, ಈ ಸೀಮೆಗೆ ರೈಲು ಬಂದ ಹೊಸದರಲ್ಲಿ ಕಟ್ಟಿದ ಪುಟ್ಟ ಸ್ಟೇಷನ್ ಇತ್ತು. ನಾನು ದೊಡ್ಡವಳಾಗುವಷ್ಟರಲ್ಲಿ ರೈಲು ಅಲ್ಲಿ ನಿಲ್ಲುವುದನ್ನು ಬಿಟ್ಟಿತು, ಊರು ಅದನ್ನು ನೆನೆಯುವುದನ್ನೂ ಬಿಟ್ಟಿತು. ಈಗ ರಸ್ತೆ ಅಗಲ ಮಾಡಲು ಅದನ್ನು ಕೆಡವುತ್ತಾರೆಂದು ಸುದ್ದಿ ಬಂತು. ಉಳಿಸಲೇಬೇಕೆಂದು ಹೊರಟೆ. ರಜೆ ಮುಗಿದಾಗಲೆಲ್ಲ ಕಾನ್ವೆಂಟಿನ ಸಿಸ್ಟರ್ ನಮ್ಮನ್ನು ಬೋರ್ಡಿಂಗಿಗೆ ಕರೆದೊಯ್ಯುತ್ತಿದ್ದುದು ಅಲ್ಲಿಂದಲೇ.

"ಅಲ್ಲಿ ಹತ್ತು ಹಾಳು ಕಟ್ಟಡ ಅವ. ಸ್ಟೇಷನ್ ಯಾವುದಂತ ನಿನಗ ಗೊತ್ತದೇನು?" ಎಂದರು ನಮ್ಮ ಯಜಮಾನರು.

"ಆಬ್ವಿಯಸ್ಲಿ. ಏಳು ವರ್ಷ ಅಲ್ಲೇ ರೈಲು ಹತ್ತೀನ್ರಿ."

ಒಂದು ಸಣ್ಣ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಕಾನ್ವೆಂಟಿನ ಹುಡುಗಿಯರು ಸಾಲಾಗಿ, ತಲೆ ತಗ್ಗಿಸಿ, ಮುಂದಿನವಳ ಹಿಮ್ಮಡಿ ನೋಡುತ್ತ ನಡೆಯಬೇಕು. ಪ್ಲಾಟ್‌ಫಾರ್ಮಿನಲ್ಲಿ ಗಂಡಸರಿರುತ್ತಾರೆ, ಕಣ್ಣೆತ್ತಿದರೆ ಪಾಪ. ಹೀಗಾಗಿ ಆ ಸ್ಟೇಷನ್ನಿನ ನೆಲ ನನಗೆ ಚೆನ್ನಾಗಿ ಗೊತ್ತು. ಗೋಡೆಗಳನ್ನು ನಾನು ಕಂಡೇ ಇರಲಿಲ್ಲ.

ಆದರೂ ಹುಡುಕಿದೆ. ಒಂದು ಹಳೆ ಕಟ್ಟಡದೊಳಗೆ ಶಹಾಬಾದಿ ಕಲ್ಲಿನ ನೆಲ, ನಡುವೆ ಸಾಮಾನು ತೂಗುವ ಕಬ್ಬಿಣದ ಹಲಗೆ. ಅದೇ! ಫೋಟೋ ತೆಗೆದೆ. ಅರ್ಜಿಯಲ್ಲಿ 'ಹೆರಿಟೇಜ್' ಎಂಬ ಪದವನ್ನು ಒಂಬತ್ತು ಸಲ ಬಳಸಿದೆ. ಗೆಳತಿಯರು ಓದದೆ ಸಹಿ ಹಾಕಿದರು. ತಿಂಗಳೊಳಗೆ ಪುರಾತತ್ವ ಇಲಾಖೆಯಿಂದ ಉತ್ತರ ಬಂತು: ಫೋಟೋದಲ್ಲಿನ ಕಟ್ಟಡವನ್ನು ಯಾರೂ ಮುಟ್ಟತಕ್ಕದ್ದಲ್ಲ.

ವಿಜಯೋತ್ಸವಕ್ಕೆ ಹೂಮಾಲೆ, ತಿನ್ನಲು ಮಂಡಾಳ, ಮಿರ್ಚಿ ಸಮೇತ ಹೋದೆವು. ನಾನು ಭಾಷಣಕ್ಕೆ ನಿಂತರೆ, ಆಚೆ ಬದಿಯಲ್ಲಿ ಜೆಸಿಬಿಯೊಂದು ಯಾವುದೋ ಪಾಳು ಗೋಡೆಯನ್ನು ಗಡಗಡ ಕೆಡವುತ್ತಿತ್ತು. ಇತಿಹಾಸಕ್ಕೆ ಮೌನ ಬೇಡವೇ? ನಾನೇ ಹೋದೆ.

"ಎಷ್ಟೊತ್ತಪ್ಪಾ ಇದು?"

"ಸಂಜೀತನಕ ಆಕ್ಕದ್ರಿ ಯವ್ವಾ."

"ನೋ, ನೋ. ನಾವು ಹೆರಿಟೇಜ್ ಫಂಕ್ಷನ್ ಮಾಡಾಕತ್ತೀವಿ. ಬಡಬಡ ಕೆಡವಿ ಮುಗಿಸಿಬಿಡು. ಮಿರ್ಚಿ ತಿಂದು ಹೋಗು."

ಪಾಪ, ಒಳ್ಳೆಯವನು. ಅರ್ಧ ಗಂಟೆಯಲ್ಲಿ ನೆಲಸಮ ಮಾಡಿ, ಮಿರ್ಚಿ ತಿಂದು, ಕೈ ಮುಗಿದು ಹೋದ. ನಾನು ನಿಶ್ಶಬ್ದದಲ್ಲಿ ನಲವತ್ತು ನಿಮಿಷ ಮಾತಾಡಿ, ಟಿಕೆಟ್ ಕಿಂಡಿಗೆ ಹೂಮಾಲೆ ಹಾಕಿದೆ.

ಆಗ ಪಕ್ಕದ ಮಿಲ್ಲಿನ ಮಾಲೀಕ ಅಮರೇಶಪ್ಪ ಮುಂದೆ ಬಂದರು.

"ಯವ್ವಾ, ಭಾಷಣ ಚಲೋ ಆತ್ರಿ. ಆದ್ರ ಇದು ನಮ್ಮ ಹತ್ತಿ ಗೋದಾಮ್ರಿ. ಆ ಹಲಗಿ ಹತ್ತಿ ಅಂಡಿಗಿ ತೂಗೋದು. ನೀವು ಮಾಲಿ ಹಾಕಿದ್ದು ಬೆಕ್ಕಿನ ಕಿಂಡಿ. ಇಲಿ ಭಾಳ ಅವ, ಅದಕ್ಕ ಬಿಟ್ಟೀವಿ."

"ಮತ್ತ ಸ್ಟೇಷನ್?"

"ಆ ಕಡಿ ಅದ್ರಿ," ಎಂದು ಕೈ ತೋರಿಸಿದವರು, ಅಲ್ಲಿದ್ದ ಮಣ್ಣಿನ ಗುಡ್ಡೆ ನೋಡಿ ತಿದ್ದಿಕೊಂಡರು. "ಇತ್ರಿ."

ಯಜಮಾನರು, "ಹಳಿ ಆ ಕಡಿ ಇದ್ದದ್ದು ಕಾಣಲಿಲ್ಲೇನು ಬೇ? ರೈಲು ಹತ್ತಿ ಹೊಲದಾಗ ಬರ್ತಿತ್ತೇನು?" ಎಂದರು.

ನಾನೊಬ್ಬಳೇ ಆ ಮಣ್ಣಿನ ಗುಡ್ಡೆಗೆ ಹೋಗಿ, ಚಪ್ಪಲಿಯಿಂದ ಧೂಳು ಸರಿಸಿದೆ. ಕೆಳಗೆ ಸವೆದ ಕಲ್ಲು, ಅದರಲ್ಲಿ ಒಂದು ಸೀಳು. ಆ ಸೀಳನ್ನು ದಾಟುವಾಗ ಪ್ರತಿಸಲ ಅಮ್ಮನ ನೆನಪಾಗಿ ಅಳು ಬರುತ್ತಿತ್ತು. ಈ ಸಲ ಗುರುತು ತಪ್ಪಲಿಲ್ಲ. ಹೊತ್ತು ತಪ್ಪಿತ್ತು ಅಷ್ಟೇ.

ಮರುದಿನ ಬೆಳಿಗ್ಗೆ ಅಮರೇಶಪ್ಪ ಮನೆಗೆ ಬಂದರು. ಗೋದಾಮು ಕೆಡವಿ ಹೊಸ ಶೆಡ್ ಕಟ್ಟಬೇಕಿತ್ತಂತೆ. ನನ್ನ ಕೃಪೆಯಿಂದ ಅವರು ತಮ್ಮ ಗೋಡೆಗೆ ಮೊಳೆ ಸಹ ಹೊಡೆಯುವಂತಿಲ್ಲ. ಕೂಡಲೇ ಇನ್ನೊಂದು ಅರ್ಜಿ ಬರೆದೆ: ಈ ಕಟ್ಟಡಕ್ಕೆ ಯಾವುದೇ ಇತಿಹಾಸ ಇರುವುದಿಲ್ಲ, ಇರುವಷ್ಟನ್ನು ಕೆಳಗೆ ಸಹಿ ಮಾಡಿದವಳೇ ತಯಾರಿಸಿರುತ್ತಾಳೆ.

ಮೊನ್ನೆ ಉತ್ತರ ಬಂತು. ಇಂಥ ವಿಷಯದಲ್ಲಿ ಯಾರೋ ಒಬ್ಬರ ಮಾತು ನಡೆಯುವುದಿಲ್ಲವಂತೆ. ಸ್ಥಳೀಯ ಇತಿಹಾಸ ತಜ್ಞರ ಅಭಿಪ್ರಾಯ ಬೇಕಂತೆ. ತಜ್ಞರ ಪಟ್ಟಿಯನ್ನೂ ಲಗತ್ತಿಸಿದ್ದರು. ಅದರಲ್ಲಿ ಒಂದೇ ಹೆಸರಿತ್ತು. ನನ್ನದು.