ಉಂಡು ಓಡಪ್ಪ, ಮಾರುತೇಶ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಶೇಂಗಾ ಉಂಡೆ. ಅದನ್ನು ಮಾರುತೇಶ ತನ್ನ ಜೇಬಿನಲ್ಲೇ ಇಟ್ಟುಕೊಂಡು ಓಡಿದ್ದರೆ ಇಷ್ಟು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಅವನು ಜಾಣತನ ಮಾಡಲು ಹೋದ. ಜೇಬಿನ ಉಂಡೆ ಓಡುವಾಗ ಪುಡಿಯಾಗುತ್ತದೆ, ದಾರಿಯಲ್ಲಿ ಹೇಗಿದ್ದರೂ ನಮ್ಮವರ ಮನೆಗಳಿವೆ, ಅವರೇ ಕೈಗೆ ಕೊಟ್ಟರಾಯಿತು ಎಂದುಕೊಂಡ.

ಮಾರುತೇಶ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗಿಸುವ ಗುಮಾಸ್ತ. ವಯಸ್ಸು ಮೂವತ್ತಾರು. ಎರಡು ವರ್ಷದ ಹಿಂದೆ ಡಾಕ್ಟರು ಸಕ್ಕರೆ ಕಾಯಿಲೆ ಬರುವ ಹಾಗಿದೆ ಎಂದು ಹೆದರಿಸಿದ್ದರಿಂದ ಊರಿನ ಓಟದ ಬಳಗ ಸೇರಿದ್ದ. ಹೆದರಿಕೆಗೆ ಶುರುವಾದದ್ದು ಹುಚ್ಚಾಗಿ ಬೆಳೆಯಿತು. ಈಗ ಅವನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ. ಜಿಲ್ಲೆಯ ದೂರದ ಓಟಕ್ಕೆ ಬಳಗದಿಂದ ಹೋಗುವ ತಂಡದಲ್ಲಿ ತನ್ನ ಹೆಸರಿರಬೇಕು.

ಅದಕ್ಕೊಂದು ಪರೀಕ್ಷೆ ಇತ್ತು. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಕೊಂಡ್ಲಹಳ್ಳಿ ಕಡೆಯ ಅಡ್ಡರಸ್ತೆಯವರೆಗೆ ಮೂವತ್ತು ಕಿಲೋಮೀಟರನ್ನು ನಾಲ್ಕು ಗಂಟೆಯೊಳಗೆ ಓಡಬೇಕು. ಓಡಿದವರೆಲ್ಲ ತಂಡಕ್ಕೆ. ನಾಲ್ಕು ಜನಕ್ಕಿಂತ ಕಡಿಮೆಯಿದ್ದರೆ ತಂಡವೇ ಇಲ್ಲ. ಮಾರುತೇಶ ಹಿಂದಿನ ಎರಡು ವರ್ಷವೂ ಇಪ್ಪತ್ನಾಲ್ಕನೇ ಕಿಲೋಮೀಟರಿನಲ್ಲಿ ಕಾಲು ಸೋತು ಕುಸಿದಿದ್ದ. ಒಂದು ಸಲ ಹಾಲಿನ ವ್ಯಾನಿನಲ್ಲಿ, ಇನ್ನೊಂದು ಸಲ ಟೆಂಪೋದಲ್ಲಿ ಈರುಳ್ಳಿ ಚೀಲಗಳ ಮೇಲೆ ಕೂತು ವಾಪಸು ಬಂದಿದ್ದ. ಎರಡು ಸಲವೂ ಅವನು ಇಳಿಯುವುದನ್ನು ಪಕ್ಕದ ಮನೆಯ ಜುಂಜಣ್ಣ ನೋಡಿಬಿಟ್ಟಿದ್ದ. ಅಲ್ಲಿಂದೀಚೆಗೆ ಮಾರುತೇಶ ಶೂ ಕಟ್ಟಿಕೊಂಡು ಹೊರಬಿದ್ದರೆ ಸಾಕು, "ಏನಪ್ಪ, ಇವತ್ತು ಯಾವ ಗಾಡಿ?" ಎಂದು ವಿಚಾರಿಸಿಕೊಳ್ಳುತ್ತಿದ್ದ.

ಬಳಗದ ಮುಖ್ಯಸ್ಥೆ ಜ್ಯೋತಿಲಕ್ಷ್ಮಿ ಮೇಡಂ, ಹೈಸ್ಕೂಲಿನ ಪಿ.ಟಿ. ಟೀಚರ್. ಅವರು ಮಾರುತೇಶನ ಕಾಲನ್ನು ನೋಡದೆಯೇ ರೋಗ ಕಂಡುಹಿಡಿದರು.

"ದೋಷ ಕಾಲಲ್ಲಿಲ್ಲ ಮಾರುತೇಶ್, ಹೊಟ್ಟೇಲಿ ಐತೆ. ಖಾಲಿ ಹೊಟ್ಟೆ ಎಷ್ಟು ದೂರ ಎಳೀತದೆ? ಗಂಟೆಗೊಂದ್ಸಲ ಏನಾದ್ರೂ ತಿನ್ರಿ. ಜಾಸ್ತಿ ಬ್ಯಾಡ. ಒಂದು ಉಂಡೆ, ನಾಲ್ಕು ಗುಟುಕು ಮಜ್ಜಿಗೆ. ನಿಲ್ಲಬಾರ್ದು ಮಾತ್ರ."

ಮಾರುತೇಶ ಇದನ್ನು ಅವ್ವನಿಗೆ ಹೇಳಿದ. ಅವ್ವ ದುರುಗಕ್ಕ ದಾರಿಯಲ್ಲಿದ್ದ ತನ್ನ ಅಕ್ಕನಿಗೂ ತಂಗಿಗೂ ಫೋನ್ ಮಾಡಿದಳು. ಉಂಡೆಯ ವಿಷಯ, ಮಜ್ಜಿಗೆಯ ವಿಷಯ, ನಿಲ್ಲಬಾರದೆಂಬ ವಿಷಯ ಎಲ್ಲವನ್ನೂ ಹೇಳಿ, ಕೊನೆಗೆ "ನೀವಿದ್ದೂ ನನ್ನ ಮಗ ಹಸ್ಕಂಡು ರಸ್ತೇಲಿ ಬೀಳಂಗಾಯ್ತು ನೋಡ್ರೇ" ಎಂದು ಒಂದು ಮಾತು ಸೇರಿಸಿದಳು. ಆ ಕಡೆಯವರ ಕಿವಿಯಲ್ಲಿ ಉಳಿದದ್ದು ಅದೊಂದೇ.

ಭಾನುವಾರ ಬೆಳಗಿನ ಐದೂವರೆಗೆ ಆರು ಜನ ಹೊರಟರು. ಗೊಬ್ಬರದ ಅಂಗಡಿಯ ಅಂಜಿನೇಯ ಉಳಿದ ನಾಲ್ವರನ್ನು ಕಟ್ಟಿಕೊಂಡು ಒಂದೇ ಹದದಲ್ಲಿ ಓಡುವವನು. ಹತ್ತು ಕಿಲೋಮೀಟರಿಗೆ ಒಂದೂಕಾಲು ಗಂಟೆ ಎಂದರೆ ಒಂದೂಕಾಲು ಗಂಟೆ. ಮಾರುತೇಶನ ಲೆಕ್ಕ ಬೇರೆ. ಉಂಡೆ ತಿನ್ನಲು ಒಂದೆರಡು ನಿಮಿಷ ಹೋದರೂ ಹೋಗಬಹುದು, ಅದನ್ನು ಮೊದಲೇ ಗಳಿಸಿಟ್ಟುಕೊಳ್ಳೋಣ ಎಂದು ಶುರುವಿನಿಂದಲೇ ಜೋರಾಗಿ ಓಡಿದ. ಹತ್ತನೇ ಕಿಲೋಮೀಟರಿನಲ್ಲಿ, ರಸ್ತೆ ಬದಿಯ ಹಟ್ಟಿಯಲ್ಲಿದ್ದ ದೊಡ್ಡವ್ವ ಪಾಪಕ್ಕನ ಮನೆ ಮುಂದೆ ಬಂದಾಗ ಸರಿಯಾಗಿ ಒಂದು ಗಂಟೆ. ಹಿಂದೆ ಯಾರೂ ಕಾಣುತ್ತಿರಲಿಲ್ಲ.

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಉಂಡೆ ಇರಲಿಲ್ಲ, ನೀರಿನ ಚೊಂಬಿತ್ತು.

"ಕಾಲು ತೊಳ್ಕಾ ಬಾ."

"ದೊಡ್ಡವ್ವ, ಉಂಡೆ ಕೊಟ್ಬಿಡು, ಹೋಗ್ಬೇಕು." ಮಾರುತೇಶ ನಿಂತಲ್ಲೇ ಓಡುತ್ತ ಕೈ ಚಾಚಿದ.

"ಹೊಸ್ತಿಲ ಆಚೆ ನಿಲ್ಲಿಸಿ ಕೈಗೆ ಹಾಕಕ್ಕೆ ನೀನೇನು ಭಿಕ್ಷಕ್ಕೆ ಬಂದೀಯಾ? ಶೂ ಬಿಚ್ಚು. ನಾಲ್ಕು ಗಂಟೆಗೆ ಎದ್ದು ಹುಂಜ ಕುಯ್ಸೀನಿ, ನಿಂಗೇ ಅಂತ."

ಮಾರುತೇಶನ ಕಾಲುಗಳು ತಾವಾಗಿಯೇ ನಿಂತವು. ತನಗಾಗಿ ಕೊಯ್ದ ಕೋಳಿಯನ್ನು ಮುಟ್ಟದೆ ಹೋಗುವುದೆಂದರೆ ಆ ಮನೆಯ ಜೊತೆ ಮಾತು ಬಿಟ್ಟ ಹಾಗೆ. ಅವನ ಅಪ್ಪ ಒಮ್ಮೆ ಬಸ್ಸಿಗೆ ಹೊತ್ತಾಯಿತೆಂದು ಹೀಗೆ ಮಾಡಿದ್ದಕ್ಕೆ ಎಂಟು ವರ್ಷ ಈ ಮನೆಯಿಂದ ಒಂದು ಮದುವೆಗೂ ಕರೆ ಬಂದಿರಲಿಲ್ಲ. ಅವನು ಶೂ ಬಿಚ್ಚಿ ಬಾಗಿಲ ಪಕ್ಕ ಇಟ್ಟು ಒಳಗೆ ಹೋದ.

ಪಡಸಾಲೆ ದಾಟಿ ಅಡುಗೆಮನೆಯಲ್ಲಿ ತಟ್ಟೆ ಹಾಕಿತ್ತು. ಕುಂಬಳಕಾಯಿಯಷ್ಟು ಗಾತ್ರದ ಮುದ್ದೆ, ಹೊಗೆಯಾಡುವ ಸಾರು. ದೊಡ್ಡಪ್ಪ ತಿಪ್ಪಯ್ಯ ಎದುರಿಗೆ ಕೂತು ಅವನನ್ನು ಮರುಕದಿಂದ ನೋಡಿದ.

"ಯಾರು ಅಟ್ಟಿಸ್ಕಂಡು ಬರ್ತಾ ಅವ್ರಪ್ಪ?"

"ಯಾರೂ ಇಲ್ಲ ದೊಡ್ಡಪ್ಪ. ನಾವಾಗೇ ಓಡೋದು."

"ಬಸ್ ಇತ್ತಲ್ಲ ಆರು ಗಂಟೆಗೆ?"

ಮಾರುತೇಶ ಮುದ್ದೆ ನುಂಗತೊಡಗಿದ. ಕೆಂಡದಂಥ ಮುದ್ದೆ ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ದೊಡ್ಡವ್ವ ಅದನ್ನು ಹಸಿವೆಂದು ತಿಳಿದು ಎರಡನೇ ಮುದ್ದೆ ಹಾಕಿದಳು. ಗಡಿಯಾರ ನೋಡಿದರೆ ಹದಿನಾಲ್ಕು ನಿಮಿಷ ಕಳೆದಿತ್ತು. ಹೇಗಾದರೂ ಏಳಬೇಕೆಂದು ಅವನು ಬಾಯಿಗೆ ಬಂದದ್ದನ್ನು ಹೇಳಿದ.

"ನಾನೊಬ್ನೇ ಉಂಡ್ರೆ ಚೆನ್ನಾಗಿರಲ್ಲ ದೊಡ್ಡವ್ವ. ಜೊತೆಗಾರ್ರು ಐದು ಜನ ಬರೀ ಹೊಟ್ಟೇಲಿ ಓಡ್ತಾ ಅವ್ರೆ."

ದೊಡ್ಡವ್ವನ ಕೈಯ ಸೌಟು ಅಲ್ಲೇ ನಿಂತಿತು. "ಐದು ಜನ ನಮ್ಮ ಬಾಗಿಲ ಮುಂದೆ ಹಸ್ಕಂಡು ಹೋಗ್ತಾ ಅವ್ರೆ, ಅದನ್ನ ಈಗ ಹೇಳ್ತೀಯಾ?" ಎಂದವಳೇ ಸೌಟು ಹಿಡಿದುಕೊಂಡೇ ರಸ್ತೆ ಕಡೆ ನಡೆದಳು. ದೊಡ್ಡಪ್ಪನೂ ಪಂಚೆ ಎತ್ತಿ ಕಟ್ಟಿ ಹಿಂದೆ ಹೋದ.

ದೇವರು ಕಣ್ಣುಬಿಟ್ಟ ಎಂದುಕೊಂಡು ಮಾರುತೇಶ ಎದ್ದು ಕೈ ತೊಳೆದ. ಮುಂಬಾಗಿಲಿಗೆ ಹೋದರೆ ಮತ್ತೆ ಸಿಕ್ಕಿಬೀಳುವುದು ಖಂಡಿತ. ಶೂ ಅಲ್ಲೇ ಇತ್ತು, ದೊಡ್ಡವ್ವನೂ ಅಲ್ಲೇ ಇದ್ದಳು. ಹಿತ್ತಲ ಬಾಗಿಲಲ್ಲಿ ದೊಡ್ಡಪ್ಪನ ರಬ್ಬರ್ ಚಪ್ಪಲಿ ಕಂಡಿತು. ಒಂದು ಕ್ಷಣ ಮಾತ್ರ ಯೋಚಿಸಿದ. ಚಪ್ಪಲಿ ಮೆಟ್ಟಿ, ಬಣವೆ ಬಳಸಿ, ಹೊಲದ ಬದುವಿನ ಮೇಲೆ ಓಡಿ, ಹಟ್ಟಿಯ ಆಚೆ ತುದಿಯಲ್ಲಿ ರಸ್ತೆ ಸೇರಿದ. ತಿರುವಿನಿಂದಾಗಿ ಮನೆ ಕಾಣುತ್ತಿರಲಿಲ್ಲ. ಮುಂದೆ ರಸ್ತೆ ಬಟಾಬಯಲಾಗಿತ್ತು.

"ದೊಡ್ಡವ್ವ ರಸ್ತೆಗೆ ಬರೋ ಮುಂಚೇನೇ ಎಲ್ಲಾ ಮುಂದಕ್ಕೆ ಹೋಗಿಬಿಟ್ರು," ಎಂದುಕೊಂಡ. ಅವನಿಗೆ ನಿಜವಾಗಿ ಸಂಕಟವಾಯಿತು. ಎರಡು ವರ್ಷದ ಬೆಳಗಿನ ನಿದ್ದೆ, ಬಿಟ್ಟ ಬಜ್ಜಿ, ಜುಂಜಣ್ಣನ ಮಾತು ಎಲ್ಲ ಒಟ್ಟಿಗೆ ನೆನಪಾಯಿತು. ಕರ್ಚೀಫನ್ನು ಎರಡಾಗಿ ಸೀಳಿ ಚಪ್ಪಲಿಗಳನ್ನು ಹಿಮ್ಮಡಿಗೆ ಬಿಗಿದು ಕಟ್ಟಿಕೊಂಡ. ಹೊಟ್ಟೆಯೊಳಗೆ ಒಂದೂವರೆ ಮುದ್ದೆ ಹೊತ್ತು, ಕಣ್ಣಿಗೆ ಕಾಣದ ಐದು ಜನರ ಬೆನ್ನು ಹತ್ತಿದ.

ಚಪ್ಪಲಿ ಪಟಪಟ ಎಂದು ಸದ್ದು ಮಾಡುತ್ತಿತ್ತು. ಚಹಾದಂಗಡಿಯ ಮುಂದೆ ಕೂತಿದ್ದವನೊಬ್ಬ, "ನಿಧಾನಕ್ಕೆ ಹೋಗಣ್ಣ, ಬಸ್ ಇನ್ನೂ ಬಂದಿಲ್ಲ" ಎಂದು ಸಮಾಧಾನ ಹೇಳಿದ. ಮಾರುತೇಶ ನಿಲ್ಲಲಿಲ್ಲ. ಪ್ರತಿ ಏರಿನಲ್ಲೂ, ಇದನ್ನು ಹತ್ತಿದರೆ ಅಂಜಿನೇಯನ ಬೆನ್ನು ಕಂಡೀತು ಎಂದು ಹತ್ತಿದ. ಕಾಣಲಿಲ್ಲ. ಹಾಗಾದರೆ ಅವರು ಇನ್ನೂ ಜೋರಾಗಿ ಓಡುತ್ತಿದ್ದಾರೆ ಎಂದುಕೊಂಡು ತಾನೂ ಜೋರು ಮಾಡಿದ.

ತಳಕಿನಲ್ಲಿ ಇಪ್ಪತ್ತು ಕಿಲೋಮೀಟರು. ಚಿಕ್ಕವ್ವ ವೀರಮ್ಮ ಅವನು ಬರುವುದನ್ನು ದೂರದಿಂದಲೇ ಕಂಡು ಪ್ಲಾಸ್ಟಿಕ್ ಕುರ್ಚಿಯನ್ನು ಡಾಂಬರು ರಸ್ತೆಯ ಅಂಚಿಗೇ ತಂದು ಹಾಕಿದಳು. ತೆಲುಗು ಮಾತಾಡುವ ಮನೆಗೆ ಕೊಟ್ಟ ಹೆಣ್ಣು. ಪ್ರೀತಿ ಉಕ್ಕಿದಾಗ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು.

"ಕೂರ್ಚೋ ನಾಯನಾ, ಕೂತ್ಕೋ. ಅಕ್ಕನ ಮನೇಲಿ ಎರಡು ಮುದ್ದೆ ಉಂಡೀಯಂತೆ? ಫೋನ್ ಮಾಡಿದ್ಲು. ಮನೆ ತುಂಬ ಜನ ಅವ್ರೆ ಅಂತ ಅಷ್ಟಕ್ಕೇ ಫೋನ್ ಇಟ್ಬಿಟ್ಲು."

"ಒಂದೂವರೆ ಚಿಕ್ಕವ್ವ. ನಮ್ಮೋರು ಎಷ್ಟೊತ್ತಾಯ್ತು ಮುಂದಕ್ಕೆ ಹೋಗಿ?"

"ನಾನು ಒಳಗೆ ಹೋಳಿಗೆ ಬೇಯಿಸ್ಲೋ, ರಸ್ತೆ ಕಾಯ್ಲೋ? ಅಲ್ಲಿ ಎರಡು ಮುದ್ದೆ ಅಂದ್ರೆ ಇಲ್ಲಿ ಮೂರು ಹೋಳಿಗೆ. ಅಕ್ಕನ ಮುಂದೆ ನನ್ನ ತಲೆ ತಗ್ಗಿಸಬ್ಯಾಡ."

ಶೇಂಗಾ ಹೋಳಿಗೆ, ಅಂಗೈಗಿಂತ ಅಗಲ. ವಾದ ಮಾಡಿದರೆ ಹೊತ್ತು ಹೋಗುತ್ತದೆಂದು ಮಾರುತೇಶ ಕುರ್ಚಿಯ ಮೇಲೆ ಕೂತಂತೆ ಮಾಡಿ ಒಂದನ್ನು ಮೂರು ತುತ್ತಿಗೆ ಮುಗಿಸಿದ. ಉಳಿದೆರಡನ್ನು ಸುರುಳಿ ಸುತ್ತಿ ಹಿಡಿದು, "ಓಡ್ತಾ ತಿಂತೀನಿ, ನಿನ್ನಾಣೆ" ಎಂದು ಎದ್ದುಬಿಟ್ಟ.

"ತುಪ್ಪ ಹಾಕಿಲ್ಲ ಕಣೋ ಅದಕ್ಕೆ," ಎಂದು ಚಿಕ್ಕವ್ವ ಗಿಂಡಿ ಹಿಡಿದು ಹಿಂದೆ ಓಡಿ ಬಂದಳು. ಅವಳೂ ಸುಮಾರಾಗಿ ಓಡುತ್ತಿದ್ದಳು. ನೂರು ಗಜದ ಮೇಲೆ ಅವನನ್ನು ಹಿಡಿದು, ಸುರುಳಿಯ ಬಾಯಿಗೆ ತುಪ್ಪ ಸುರಿದು, "ಇಂಕ ಪೋ, ಇನ್ನು ಹೋಗು" ಎಂದು ಬಿಟ್ಟಳು. ತುಪ್ಪ ಅವನ ಮೊಣಕೈವರೆಗೆ ಇಳಿಯಿತು.

ಇಪ್ಪತ್ನಾಲ್ಕನೇ ಕಿಲೋಮೀಟರು ಬಂತು. ಮಾರುತೇಶ ಹಲ್ಲು ಕಚ್ಚಿ ಕಾದ. ಕಾಲು ಬೀಳುವುದಿದ್ದರೆ ಇಲ್ಲಿಯೇ ಬೀಳಬೇಕು. ಹಾಲಿನ ವ್ಯಾನೊಂದು ಪಕ್ಕಕ್ಕೆ ಬಂದು ನಿಧಾನ ಮಾಡಿತು.

"ಹತ್ತಣ್ಣ, ಈ ಸಲಾನೂ ಜಾಗ ಐತೆ," ಎಂದ ಹಿಂದೊಮ್ಮೆ ಕೂರಿಸಿಕೊಂಡು ಹೋಗಿದ್ದ ಅದೇ ಡ್ರೈವರು.

"ಬ್ಯಾಡ ಹೋಗಪ್ಪ," ಎಂದ ಮಾರುತೇಶ. ವ್ಯಾನು ಹೋಯಿತು. ಕಾಲು ಓಡುತ್ತಲೇ ಇತ್ತು. ಇಪ್ಪತ್ತೈದು ದಾಟಿತು, ಇಪ್ಪತ್ತಾರು ದಾಟಿತು. ಮೇಡಂ ಹೇಳಿದ್ದು ಸರಿ, ದೋಷ ಹೊಟ್ಟೆಯಲ್ಲೇ ಇತ್ತು. ಹುಂಜವೂ ಹೋಳಿಗೆಯೂ ಸೇರಿ ಅವನನ್ನು ಎಳೆದುಕೊಂಡು ಹೋಗುತ್ತಿದ್ದವು. ಅವನಿಗೆ ದೊಡ್ಡವ್ವ, ಚಿಕ್ಕವ್ವ ಇಬ್ಬರ ಮೇಲೂ ಅಳು ಬರುವಷ್ಟು ಪ್ರೀತಿ ಹುಟ್ಟಿತು. ಚಪ್ಪಲಿಯ ಬಾರು ಬೆರಳ ಸಂದಿಯನ್ನು ಸುಲಿದಿದ್ದರೂ ಲೆಕ್ಕಿಸಲಿಲ್ಲ.

ಅಡ್ಡರಸ್ತೆಯ ಬೇವಿನ ಮರದ ಕೆಳಗೆ ಜ್ಯೋತಿಲಕ್ಷ್ಮಿ ಮೇಡಂ ಸ್ಕೂಟರ್ ನಿಲ್ಲಿಸಿಕೊಂಡು, ಕೊರಳಲ್ಲಿ ಸೀಟಿ, ಕೈಯಲ್ಲಿ ಪುಸ್ತಕ ಹಿಡಿದು ಕಾಯುತ್ತಿದ್ದರು. ಮಾರುತೇಶ ಗೆರೆ ದಾಟಿದಾಗ ಮೂರು ಗಂಟೆ ಐವತ್ತೇಳು ನಿಮಿಷ. ಅವನು ಮರ ಹಿಡಿದುಕೊಂಡು ಏದುಸಿರು ಬಿಟ್ಟ.

"ಎಷ್ಟನೇಯವ್ನು ಮೇಡಂ? ಆರನೇಯವ್ನಾ?"

"ಮೊದಲ್ನೇಯವ್ರು ರೀ," ಎಂದರು ಮೇಡಂ, ಅವನ ಕಾಲ ಕಡೆ ನೋಡುತ್ತ. "ಉಳಿದೋರು ಎಲ್ಲಿ?"

ಮಾರುತೇಶ ಬೆಪ್ಪಾಗಿ ರಸ್ತೆ ನೋಡಿದ. ಮೇಡಂ ಅಂಜಿನೇಯನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಮೊದಲು ಎಲುಬು ಚೀಪುವ ಸದ್ದು ಬಂತು, ಆಮೇಲೆ ಮಾತು.

"ಗಾಬರಿ ಬ್ಯಾಡ ಮೇಡಂ. ಐದು ಜನಾನೂ ಒಟ್ಟಿಗೇ ಇದೀವಿ, ಮಾರುತೇಶನ ದೊಡ್ಡವ್ವನ ಮನೇಲಿ. ಆಯಮ್ಮ ರಸ್ತೆಗೆ ಅಡ್ಡ ನಿಂತು ಕರ್ಕೊಂಡು ಬಂದ್ರು. ಎರಡು ತುತ್ತು ತಿಂದು ಹೊರಡೋಣ ಅಂತಾನೇ ಪಡಸಾಲೇಲಿ ಕುಂತ್ವಿ. ಆದ್ರೆ ಮಾರುತೇಶನ ಶೂ ಬಾಗಿಲಲ್ಲೇ ಐತೆ. ಅವ್ನು ಒಳಗೆ ಇನ್ನೂ ಉಣ್ತಾ ಅವ್ನಂತೆ. ಅವ್ನೇ ಏಳಲಿಲ್ಲ ಅಂದ್ಮೇಲೆ ನಮಗೇನು ಅವಸರ?"

ಮೇಡಂ ಮಾರುತೇಶನನ್ನು ನೋಡಿದರು. ಮಾರುತೇಶ ತನ್ನ ಚಪ್ಪಲಿ ನೋಡಿಕೊಂಡ. ಮನೆ ಮಗ ಅರ್ಧ ಊಟಕ್ಕೆ ಎದ್ದು ಹಿತ್ತಲಿಂದ ಓಡಿಹೋದ ಎಂದು ಐದು ಜನ ಹೊರಗಿನವರ ಮುಂದೆ ಹೇಳಿಕೊಳ್ಳುವ ಹೆಂಗಸಲ್ಲ ಪಾಪಕ್ಕ. ಒಳಗೆ ಉಣ್ಣುತ್ತಿದ್ದಾನೆ ಎಂದೇ ಮರ್ಯಾದೆ ಉಳಿಸಿಕೊಂಡಿದ್ದಳು.

"ನಾಲ್ಕು ಗಂಟೆ ಆಗ್ತಾ ಬಂತು ಅನ್ನೋದು ಗೊತ್ತೇನ್ರಿ?" ಎಂದರು ಮೇಡಂ.

"ಗೊತ್ತು ಮೇಡಂ. ಹೆಂಗೂ ಎಲ್ರೂ ಫೇಲಾದ್ರೆ ಮತ್ತೆ ಓಡಿಸ್ತೀರಲ್ಲ ಅಂತ ಇನ್ನೊಂದು ಮುದ್ದೆ ಹಾಕಿಸ್ಕಂಡ್ವಿ. ದೊಡ್ಡಪ್ಪಾರು ಇನ್ನೊಂದು ಕೋಳಿ ಕುಯ್ದವ್ರೆ, ಬಿಟ್ಟು ಬರಕ್ಕಾಗುತ್ತಾ?"

ಮೇಡಂ ಫೋನ್ ಇಟ್ಟರು. ಪುಸ್ತಕ ತೆರೆದು ಮಾರುತೇಶನ ಹೆಸರು, ವೇಳೆ ಎರಡನ್ನೂ ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಅದರ ಮೇಲೆ ಒಂದು ಗೀಟು ಎಳೆದರು.

"ಒಬ್ಬರಿಂದ ತಂಡ ಆಗಲ್ಲ ಮಾರುತೇಶ್. ಮುಂದಿನ ಭಾನುವಾರ ಮತ್ತೆ ಇಡ್ತೀನಿ. ನೀವೂ ಓಡ್ಲೇಬೇಕು, ಇಲ್ಲಾಂದ್ರೆ ಅವ್ರು ಐದೂ ಜನ ಜಗಳ ತೆಗೀತಾರೆ."

"ಓಡ್ತೀನಿ ಮೇಡಂ," ಎಂದ ಮಾರುತೇಶ ಹಟದಿಂದ. "ಆದ್ರೆ ಬೇರೆ ರಸ್ತೇಲಿ ಇಡ್ರಿ. ನಾಯಕನಹಟ್ಟಿ ಕಡೆ ಇಡ್ರಿ."

"ಆ ಕಡೆ ನಿಮ್ಮ ನೆಂಟರಿಲ್ವಾ?"

ಮಾರುತೇಶ ಲೆಕ್ಕ ಹಾಕಿದ. "ಮೂರು ಮನೆ ಅವೆ."

ಬೆವರಿಗೂ ತುಪ್ಪಕ್ಕೂ ಮಿನುಗುತ್ತಿದ್ದ ಅವನ ಮುಖ ನೋಡಿ ಮೇಡಂಗೆ ಕನಿಕರವಾಯಿತು. ಸ್ಕೂಟರಿನ ಸೀಟು ಎತ್ತಿ ನಾಲ್ಕು ಅಂತಸ್ತಿನ ಟಿಫನ್ ಕ್ಯಾರಿಯರ್ ಹೊರತೆಗೆದರು.

"ಮುಖ ಬಾಡಿಹೋಗೈತೆ. ಮೊದಲು ಕುಂತ್ಕೊಳ್ರಿ. ಆರು ಜನಕ್ಕಂತ ನಮ್ಮವ್ವ ರೊಟ್ಟಿ, ಎಣ್ಣೆಗಾಯಿ ಮಾಡಿ ಕಳಿಸ್ಯಾಳೆ. ಬಂದಿರೋರು ನೀವೊಬ್ರೇ. ಮುಟ್ಟದೆ ವಾಪಸ್ ಒಯ್ದ್ರೆ ಭಾಳ ಬೇಜಾರು ಮಾಡ್ಕಂತಾಳೆ."

ಮಾರುತೇಶ ಚಪ್ಪಲಿ ಬಿಚ್ಚಿ, ಕೈ ತೊಳೆದು, ಬೇವಿನ ಮರದ ಕೆಳಗೆ ಕೂತ.