ಬಸ್ ಸ್ಟಾಪಿನ ಹಾಡು

ತಪ್ಪು ಗುಮಾಸ್ತರದೇ. ರೇಡಿಯೋ ಆರಿಸಿ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಬಾಯಿ ಬಿಟ್ಟರು, ಕೆಟ್ಟರು.

ನೀರು ಸರಬರಾಜು ಕಚೇರಿಯ ದೂರು ವಿಭಾಗ ಅದು. ಬೆಳಗಿನಿಂದ ಜನರ ಬೈಗುಳ ಕೇಳಿ ಕಿವಿ ಬಿಸಿಯಾಗಿರುವ ಗುಮಾಸ್ತರಿಗೆ ಊಟದ ಮೇಲೆ ಮೇಜಿಗೆ ತಲೆ ಕೊಟ್ಟು ಒಂದು ಜೊಂಪು ತೆಗೆಯುವುದೇ ದಿನದ ಸುಖ. ಆ ವಾರ ಅದಕ್ಕೂ ಕಲ್ಲು ಬಿದ್ದಿತ್ತು. ಸ್ಟೋರ್ ಕೀಪರನ ರೇಡಿಯೋದಲ್ಲಿ ಎಪ್ಪತ್ತರ ದಶಕದ ಹಿಟ್ ಹಾಡುಗಳ ಮೆರವಣಿಗೆ. ಒಂದೊಂದು ಹಾಡಿಗೂ ಒಬ್ಬೊಬ್ಬರ ನಿಟ್ಟುಸಿರು.

"ಆಗ ನನ್ನ ಬೆಲ್ ಬಾಟಮ್ಮು ಬೀದಿ ಗುಡಿಸ್ತಿತ್ತು ಕಣ್ರೀ," ಅಂತ ಸ್ಟೋರ್ ಕೀಪರ್.

"ನಮ್ಮಣ್ಣ ಕೃತಾವು ಬಿಟ್ಕೊಂಡು ಕನ್ನಡಿ ಮುಂದೆ ಇದೇ ಹಾಡ್ತಿದ್ದ," ಅಂತ ಟೈಪಿಸ್ಟಮ್ಮ.

ಆಗ ಬಂತು ಬಸ್ ಸ್ಟಾಪಿನ ಹಾಡು. ಬಸ್ಸು ಹತ್ತಿದ ಹುಡುಗಿ ತಿರುಗಿಯೂ ನೋಡದೆ ಹೋದಳು ಅಂತ ಹುಡುಗನೊಬ್ಬ ಗೋಳಾಡುವ ಹಾಡು. ಆ ಕಾಲದಲ್ಲಿ ಅದನ್ನು ಗುನುಗದವರೇ ಇರಲಿಲ್ಲ. ಗುಮಾಸ್ತರು ದಡಬಡ ಎದ್ದು ರೇಡಿಯೋದ ಕಿವಿ ಹಿಂಡಿ ಆರಿಸಿಬಿಟ್ಟರು.

"ಯಾಕ್ ಸಾರ್, ಏನಾಯ್ತು?" ಎಂದರು ಟೈಪಿಸ್ಟಮ್ಮ.

ದೊಡ್ಡ ಕಾರಣವೇನಲ್ಲ. ಹರೆಯದಲ್ಲಿ ಗುಮಾಸ್ತರ ಬಾಡಿಗೆ ಕೋಣೆ ಒಂದು ಗ್ರಾಮಫೋನ್ ರಿಪೇರಿ ಅಂಗಡಿಯ ಮೇಲಿತ್ತು. ರಿಪೇರಿಯಾದ ಪ್ರತಿ ಪೆಟ್ಟಿಗೆಯನ್ನೂ ಅಂಗಡಿಯವನು ಪರೀಕ್ಷಿಸುತ್ತಿದ್ದದ್ದು ಈ ಒಂದೇ ರೆಕಾರ್ಡಿನಿಂದ. ಅದಕ್ಕೂ ಗೀರು ಬಿದ್ದಿತ್ತು. ಬಸ್ಸು ಹೊರಡುವ ಕಡೆ ಮುಳ್ಳು ಸಿಕ್ಕಿಕೊಂಡು, ಹುಡುಗಿ ಹೋಗುತ್ತಲೂ ಇರಲಿಲ್ಲ, ಇವರಿಗೆ ನಿದ್ದೆ ಬರುತ್ತಲೂ ಇರಲಿಲ್ಲ. ಇಷ್ಟನ್ನೆಲ್ಲ ಹೇಳಲು ತ್ರಾಣ ಬೇಕಲ್ಲ?

"ಬೇಡ ಬಿಡಿಯಮ್ಮ, ಅದೊಂದು ಹಳೇ ಕತೆ," ಎಂದು ಮೇಜಿನ ಮೇಲೆ ತಲೆಯಿಟ್ಟರು.

ಅಷ್ಟೇ ಸಾಕಾಯಿತು. ಗುಮಾಸ್ತರು ತಲೆ ಎತ್ತುವಷ್ಟರಲ್ಲಿ ಕಚೇರಿಯೆಲ್ಲ ಸಾವಿನ ಮನೆಯ ಹಾಗೆ ಪಿಸುಗುಡುತ್ತಿತ್ತು. ಯಾರೋ ನೀರು ತಂದಿಟ್ಟರು. ಯಾರೋ ಇವರ ಫೈಲುಗಳನ್ನು ಎತ್ತಿಕೊಂಡು ಹೋದರು.

"ಅವಳು ಈಗ ಎಲ್ಲಿದಾಳೆ ಗೊತ್ತಾ?" ಸ್ಟೋರ್ ಕೀಪರ್ ಭುಜ ಸವರಿದ.

"ಯಾವಳಯ್ಯಾ? ಯಾರೂ ಇಲ್ಲ!"

"ಹಂಗೇ ಅನ್ಬೇಕು ಸಾರ್. ನಿಮ್ಮದು ದೊಡ್ಡ ಮನಸ್ಸು."

ಸಾಹೇಬರೂ ಒಳಗೆ ಕರೆದರು. ಸಮಾಧಾನ ಹೇಳಲು ಶುರುಮಾಡಿದವರು ತಮ್ಮದೇ ಯಾವುದೋ ಹಳೇ ಹುಡುಗಿಯ ನೆನಪಾಗಿ ಅತ್ತೇಬಿಟ್ಟರು. ಗುಮಾಸ್ತರೇ ಅವರನ್ನು ಸಂತೈಸಬೇಕಾಯಿತು. ಕೊನೆಗೆ, "ಇವರನ್ನ ಒಂಟಿಯಾಗಿ ಬಿಡಬೇಡಿ," ಎಂದು ಸ್ಟೋರ್ ಕೀಪರನನ್ನು ಜೊತೆ ಮಾಡಿ ಕಚೇರಿಯ ಜೀಪಿನಲ್ಲಿ ಮನೆಗೆ ಕಳಿಸಿದರು. ಅಷ್ಟರಲ್ಲಿ ಟೈಪಿಸ್ಟಮ್ಮ ಗುಮಾಸ್ತರ ಹೆಂಡತಿಗೆ ಫೋನ್ ಮಾಡಿ, "ಇವತ್ತು ಅವರನ್ನ ಏನೂ ಕೇಳ್ಬೇಡಿ, ಪಾಪ, ಹಳೇ ನೆನಪಲ್ಲಿದಾರೆ," ಎಂದು ಉಪಕಾರ ಮಾಡಿದ್ದರು. ಇಂಥ ಪುಣ್ಯಾತ್ಮರು ಇಲ್ಲದ ಕಚೇರಿ ಇದ್ದರೆ ಹೇಳಿ, ನಾನೂ ಅಲ್ಲಿಗೇ ಸೇರಿಕೊಳ್ಳುತ್ತೇನೆ.

ಸ್ಟೋರ್ ಕೀಪರ್ ಗೇಟಿನಲ್ಲೇ ಇಳಿಸಿ ಹೋದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಯಾರ್ರೀ ಅವಳು?"

ಚಪ್ಪಲಿ ಬಿಡಲೂ ಪುರುಸೊತ್ತಿಲ್ಲ. ಗುಮಾಸ್ತರು ಅಲ್ಲೇ ಕುಸಿದು, ಕೋಣೆ, ಅಂಗಡಿ, ಗೀರು, ಎಲ್ಲ ಒದರಿದರು. "ಆ ಹಾಡು ಕೇಳಿದ್ರೆ ಈಗಲೂ ನಿದ್ದೆ ಹಾರಿಹೋಗುತ್ತೆ ಕಣೇ! ಅಂಥ ದರಿದ್ರ ಹಾಡು ಇನ್ನೊಂದಿಲ್ಲ. ನಿನ್ನಾಣೆ!"

ಆಕೆ ನಗುತ್ತಾಳೆ ಅಂದುಕೊಂಡರು. ನಗಲಿಲ್ಲ.

"ಹೆಣ್ಣು ನೋಡೋಕೆ ನಮ್ಮನೆಗೆ ಬಂದಾಗ ನಾನು ಹಾಡಿದ್ದು ಅದೇ ಅಲ್ವಾ?"

ಗುಮಾಸ್ತರಿಗೆ ಆಗ ನೆನಪಾಯಿತು.

"ಈ ಹಾಡು ಅಂದ್ರೆ ನನಗೆ ಪ್ರಾಣ ಅಂದಿದ್ರಿ. ನಮ್ಮಪ್ಪನ ಎದುರಿಗೇ ಅಂದಿದ್ರಿ. ಅದಕ್ಕೇ ಕಣ್ರೀ ನಾನು ಒಪ್ಕೊಂಡಿದ್ದು. ಆಮೇಲೆ ಸಂಸಾರದಲ್ಲಿ ಹಾಡೋಕೆ ಪುರುಸೊತ್ತೇ ಆಗ್ಲಿಲ್ಲ, ಹೋಗ್ಲಿ. ನನ್ನ ಹಾಡು ಒಬ್ರಿಗಾದ್ರೂ ಹಿಡಿಸಿತ್ತಲ್ಲ ಅಂದ್ಕೊಂಡಿದ್ದೆ." ಆಕೆಯ ಕಣ್ಣು ತುಂಬಿ ಬಂತು.

ಗುಮಾಸ್ತರಿಗೆ ನಿಜಕ್ಕೂ ಸಂಕಟವಾಯಿತು. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು. ಈ ಕಣ್ಣೀರನ್ನು ನೋಡಲಾಗದು. ಇದಕ್ಕಿಂತ ಯಾವಳೋ ಒಬ್ಬಳು ಇದ್ದಿದ್ದರೇ ವಾಸಿಯಿತ್ತು.

"ಇಲ್ಲ ಕಣೇ," ಅಂದರು ದಣಿದ ದನಿಯಲ್ಲಿ. "ಅಂಗಡಿ ಕತೆ ಸುಳ್ಳು. ಒಬ್ಬಳಿದ್ದಳು. ಅವಳ ನೆನಪಾಗುತ್ತೆ ಅಂತ ರೇಡಿಯೋ ಆರಿಸಿದೆ, ಅಷ್ಟೆ. ಹಾಡು ಇಷ್ಟಾನೇ. ನೀನು ಹಾಡಿದ್ದಂತೂ ಬಹಳ ಇಷ್ಟ."

ಆಕೆ ಕಣ್ಣೊರೆಸಿಕೊಂಡಳು. ಮುಖ ಗೆಲುವಾಯಿತು. ಕುರ್ಚಿ ಎಳೆದುಕೊಂಡು ಗಂಡನ ಎದುರಿಗೇ ಕೂತಳು.

"ಹಾಗಾದ್ರೆ ಸರಿ. ಇವತ್ತಿಂದ ದಿನಾ ಹೊತ್ತಾರೆ, ಸಾಯಂಕಾಲ ನಾನೇ ಹಾಡ್ತೀನಿ. ಆ ಹಾಡು ಅಂದ್ರೆ ನಾನೇ ಜ್ಞಾಪಕ ಬರ್ಬೇಕು ನಿಮಗೆ, ಅವಳು ಪೂರ್ತಿ ಮರೆತು ಹೋಗೋವರೆಗೂ ಬಿಡಲ್ಲ," ಎಂದು ಗಂಟಲು ಸರಿಮಾಡಿಕೊಂಡಳು.