ಮಾಮಾನ ಕಾಮಿಕ್ಸು, ನನ್ನ ಆವಿ ಪರೀಕ್ಷೆ

ಇಂಡಿ ಊರಿನ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಒಂದು ಹಳೆಯ ಕಾಮಿಕ್ಸ್ ಪುಸ್ತಕವನ್ನು ಪರೀಕ್ಷಿಸಿ ಹೇಳುವುದು ಏನು ಮಹಾ ಎಂದುಕೊಂಡೆ!

ಪುಸ್ತಕ ನನ್ನ ಸೋದರಮಾವ ಗುರಪ್ಪ ಮಾಮಾನದು. ಬಸವನ ಬಾಗೇವಾಡಿಯ ಮಾಮಾ, ಸಿಂದಗಿಯ ಬಟ್ಟೆ ಅಂಗಡಿಯ ರಾಚಪ್ಪ, ಇಬ್ಬರೂ ಚಡ್ಡಿ ದೋಸ್ತರು. ಹಳೆಯ ಕಾಮಿಕ್ಸ್ ಕೂಡಿಡುವ ಹುಚ್ಚು ಇಬ್ಬರಿಗೂ. ಮಾಮಾ ತಮ್ಮ ಪ್ರೀತಿಯ ಪುಸ್ತಕವೊಂದನ್ನು ಕೊಟ್ಟು ರಾಚಪ್ಪನವರಿಂದ ಇದನ್ನು ಪಡೆದಿದ್ದರು. ಆಮೇಲೆ ಶುರುವಾಯಿತು ಅನುಮಾನ.

"ನನ್ನ ವಾರಿಗೀ, ನನ್ನಷ್ಟ ವಯಸ್ಸಿನ ಪುಸ್ತಕ ಇದು. ನನ್ನ ಮಾರಿ ನೋಡು, ಇದರ ಮಾರಿ ನೋಡು. ಒಂದು ಸುಕ್ಕಿಲ್ಲ!" ಎಂದರು ಮಾಮಾ, ನಮ್ಮ ಪಡಸಾಲೆಯಲ್ಲಿ ಕುಳಿತು. "ಈಗ ಆವಿ ಕೊಟ್ಟು, ಕಾಯಿಸಿ, ಭಾರ ಹೇರಿ ಮಡಿಕಿ ಮಾಯ ಮಾಡ್ತಾರಂತ. ಹಂಗ ಒತ್ತಿದ್ದನ್ನ ಹೇಳದ ಕೊಟ್ರ ಅದು ಮೋಸ. ನೀ ಸೈನ್ಸ್ ಟೀಚರ್ ಇದ್ದಿ, ನೋಡಿ ಹೇಳವಾ. ರಾಚ್ಯಾ ಮೋಸ ಮಾಡಿದ್ದು ಖರೆ ಇದ್ರ, ಇನ್ನ ಅವನ ಹೊಸ್ತಿಲಾ ತುಳಿಯಂಗಿಲ್ಲ."

ಹಾಗೆಂದು, ಮನಸ್ಸಿಲ್ಲದ ಮನಸ್ಸಿನಿಂದ ಪುಸ್ತಕವನ್ನು ನನ್ನ ಕೈಗಿಟ್ಟರು.

"ಕಾಳಜಿ ಬಿಡ್ರಿ ಮಾಮಾ. ರವಿವಾರ ಇಬ್ಬರೂ ಊಟಕ್ಕ ಬರ್ರಿ. ಇಬ್ಬರ ಮುಂದೂ ತೀರ್ಪು ಹೇಳ್ತೇನಿ!"

ಯಾವ ನ್ಯಾಯಾಲಯವೂ ಇಷ್ಟು ಬೇಗ ತಾರೀಖು ಕೊಟ್ಟಿರಲಿಕ್ಕಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಕೆಲಸಕ್ಕೆ ಕುಳಿತೆ. ಮೊಬೈಲಿನಲ್ಲಿ ನೋಡಿ ನೋಡಿ ಅಷ್ಟರಲ್ಲಾಗಲೇ ನಾನು ತಜ್ಞೆಯಾಗಿದ್ದೆ. ಕಿಟಕಿ ಮುಚ್ಚಿ, ಟಾರ್ಚನ್ನು ಪಕ್ಕದಿಂದ ಹಿಡಿದು ಮುಖಪುಟದ ಮೇಲೆ ಬೆಳಕು ಹರಿಸಿದೆ. ಒತ್ತಿದರೆ ಮಡಿಕೆ ಹೋದರೂ ಬಣ್ಣ ಒಡೆದ ಗೆರೆ ಉಳಿಯುತ್ತದಂತೆ. ಅದಿರಲಿಲ್ಲ. ಇಲ್ಲದ ಹೊಳಪು ಬರುತ್ತದಂತೆ. ಅದೂ ಇರಲಿಲ್ಲ. ಪಿನ್ನಿನ ಗುರುತು ಒಳಪುಟಕ್ಕೆ ಆಳವಾಗಿ ಇಳಿಯುತ್ತದಂತೆ. ಇಳಿದಿರಲಿಲ್ಲ. ಅಂದರೆ ರಾಚಪ್ಪ ನಿರಪರಾಧಿ! ಇಲ್ಲಿಗೇ ಬಿಟ್ಟಿದ್ದರೆ ನಾನು ಜಾಣೆ ಎನಿಸಿಕೊಳ್ಳುತ್ತಿದ್ದೆ.

ಬಿಡಲಿಲ್ಲ.

ಒತ್ತಿ ಅಡಗಿಸಿದ ಮಡಿಕೆ ತೇವ ತಾಗಿದರೆ ಮತ್ತೆ ಏಳುತ್ತದೆ ಎಂದೂ ಕೇಳಿದ್ದೆ. ನಮ್ಮ ಇಂಡಿಯ ಗಾಳಿಯಲ್ಲಿ ತೇವ ಎಲ್ಲಿಂದ ತರಲಿ? ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಪುಸ್ತಕವನ್ನು ಅದರ ಮೇಲೆ ಹಿಡಿದೆ.

"ಏನ್ ಮಾಡಾಕತ್ತಿ?" ನಮ್ಮ ಯಜಮಾನರು ಬಾಗಿಲಲ್ಲಿ ನಿಂತಿದ್ದರು.

"ವೈಜ್ಞಾನಿಕ ಪರೀಕ್ಷೆ ನಡದೈತ್ರಿ."

"ಯಾಕ, ಪುಸ್ತಕಕ್ಕ ನೆಗಡಿ ಬಂದೈತೇನು?"

ತಕ್ಕ ಉತ್ತರ ಕೊಡಲು ಅವರತ್ತ ಹೊರಳಿದೆ. ಉತ್ತರವೇನೋ ಚೆನ್ನಾಗಿತ್ತು, ಆದರೆ ತುಸು ಉದ್ದವಾಯಿತು. ತಿರುಗಿ ನೋಡುತ್ತೇನೆ, ಮುಖಪುಟದ ರಾಜಕುಮಾರ ಕೆಂಡದ ಮೇಲಿನ ಹಪ್ಪಳದಂತೆ ಸೊಟ್ಟಗಾಗಿದ್ದಾನೆ. ಅವನ ಕುದುರೆಗೆ ಒಂಟೆಯ ಡುಬ್ಬ ಬಂದಿದೆ!

ತಟ್ಟನೆ ಒಲೆ ಆರಿಸಿದೆ. ನಾಳೆಯೇ ಊಟ. ಇದನ್ನು ಸರಿಮಾಡಲು ನನಗೆ ತಿಳಿದಿದ್ದ ದಾರಿ ಒಂದೇ. ಒತ್ತುವುದು!

ಬಿಳಿ ಹಾಳೆಗಳ ನಡುವೆ ಪುಸ್ತಕವಿಟ್ಟು ಇಸ್ತ್ರಿ ಆಡಿಸಿದೆ. ಆಮೇಲೆ ಮಣೆ, ಮಣೆಯ ಮೇಲೆ ಜೋಳದ ಚೀಲ, ಅದೂ ಸಾಲದೆಂದು ಚೀಲದ ಮೇಲೆ, ಟಿವಿಯತ್ತ ಮುಖ ಮಾಡಿ, ಯಜಮಾನರು.

"ಮ್ಯಾಚ್ ಮುಗಿಯೂತನಕ ಏಳಬ್ಯಾಡ್ರಿ."

ಮದುವೆಯಾದಂದಿನಿಂದ ಅವರು ನನ್ನ ಮಾತನ್ನು ಇಷ್ಟು ಖುಷಿಯಿಂದ ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಪುಸ್ತಕ ಚಪ್ಪಟೆಯಾಗಿತ್ತು. ಜೊತೆಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕುದುರೆಯ ಡುಬ್ಬ ಇದ್ದಲ್ಲಿ ಬಣ್ಣ ಒಡೆದ ಗೆರೆ ಉಳಿದಿತ್ತು. ಪಿನ್ನುಗಳು ಒಳಪುಟಕ್ಕೆ ಹಚ್ಚೆ ಹಾಕಿದ್ದವು. ನಿನ್ನೆ ನಾನು ಹುಡುಕಿದ್ದ ಲಕ್ಷಣಗಳೆಲ್ಲ ಇವತ್ತು ತಾವಾಗಿಯೇ ಹಾಜರಿದ್ದವು!

ಮಧ್ಯಾಹ್ನ ದೋಸ್ತರಿಬ್ಬರೂ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಊಟಕ್ಕೆ ಕುಳಿತರು. ನಾನು ಎದ್ದು ನಿಂತು ಘನಗಂಭೀರವಾಗಿ ಸಾರಿದೆ. "ಕೂಲಂಕಷ ಪರೀಕ್ಷೆ ಆಗೇತ್ರಿ. ಇದು ಒತ್ತಿದ್ದಲ್ಲ."

ಮಾಮಾನ ಮುಖ ಅರಳಿತು. ರಾಚಪ್ಪ ಎಡಗೈಯಿಂದ ಪುಸ್ತಕ ಎತ್ತಿಕೊಂಡರು. ಓರೆಮಾಡಿ ನೋಡಿದರು. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಗುರ್‍ಯಾ, ಇದು ಒತ್ತಿದ್ದೈತಲ್ಲೋ!"

"ಅಂದ್ರ ಒತ್ತಿದ್ದನ್ನ ಕೊಟ್ಟಿ ನನಗ?"

"ನಾ ಕೊಟ್ಟಾಗ ಹಿಂಗಿರಲಿಲ್ಲ. ನೀನ ಒತ್ತಿಸಿ ನನ್ನ ಮ್ಯಾಲೆ ಹಾಕಾಕತ್ತಿ!"

"ನಾನಾ? ನಿನ್ನ ದೋಸ್ತ ಅಂದ್ಕೊಂಡಿದ್ನಲ್ಲೋ!"

ರಾಚಪ್ಪ ಅರ್ಧ ಊಟಕ್ಕೇ ಎದ್ದುಬಿಟ್ಟರು. ಕೈ ತೊಳೆಯದೆ ಚಪ್ಪಲಿ ಹುಡುಕತೊಡಗಿದರು. ಮಾಮಾ ತಡೆಯಲಿಲ್ಲ. ತಲೆ ತಗ್ಗಿಸಿ, ಮುರಿದ ರೊಟ್ಟಿಯನ್ನೇ ಮತ್ತೆ ಮತ್ತೆ ಮುರಿಯುತ್ತಿದ್ದರು. ಯಜಮಾನರು ನನ್ನನ್ನೇ ನೋಡಿದರು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ರಾಚಪ್ಪ ಹೊಸ್ತಿಲು ದಾಟಿದರೆ ಈ ಮುದುಕರಿಬ್ಬರೂ ಮತ್ತೆ ಕೂಡಿ ಕೂರುವುದಿಲ್ಲ.

"ನಾನ ಒತ್ತೀನ್ರಿ!" ಎಂದು ಕೂಗಿದೆ. ಆವಿ, ಇಸ್ತ್ರಿ, ಜೋಳದ ಚೀಲ, ಯಜಮಾನರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ರಾಚಪ್ಪನವರ ಒಂದು ಕಾಲು ಚಪ್ಪಲಿಯಲ್ಲೇ ಇತ್ತು.

"ಒತ್ತಲಾರದ್ದನ್ನ ಒತ್ತಿ, ಒತ್ತಿಲ್ಲಂತ ತೀರ್ಪು ಕೊಟ್ಟಿಯೇನವಾ?" ಎಂದರು ಮಾಮಾ, ನಿಧಾನವಾಗಿ.

ರಾಚಪ್ಪ ಮೊದಲು ನಕ್ಕರು. ಆಮೇಲೆ ಮಾಮಾ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರಾಚಪ್ಪ ಬಂದು ಮಾಮಾನ ಪಕ್ಕಕ್ಕೇ ಕುಳಿತು, "ಇನ್ನೊಂದು ರೊಟ್ಟಿ ತಾರವಾ" ಎಂದರು.

ನಕ್ಕು ನಕ್ಕು ಮಾಮಾನ ಚಷ್ಮಾ ಮಂಜಾಗಿತ್ತು. ಇಷ್ಟಾದರೂ ಸೇವೆ ಮಾಡೋಣವೆಂದು, ಒರೆಸಿ ಕೊಡಲು ಕೈ ಚಾಚಿದೆ. ಮಾಮಾ ಅದನ್ನು ಗಬಕ್ಕನೆ ಎದೆಗೆ ಅವುಚಿಕೊಂಡರು.

"ಬ್ಯಾಡವಾ. ಕಂಡಷ್ಟ ಕಾಣಲಿ!"